ನಷ್ಟದ ಲೆಕ್ಕ ಹಿಡಿದ ಜೌಲ್

ಹತ್ತನೇ ತರಗತಿಯ ವಿದ್ಯುತ್ ಪಾಠದಲ್ಲಿ ಜೌಲ್ ಒಂದು ಸೂತ್ರವಾಗಿ ಬಂದು ಹೋಗುತ್ತಾರೆ. ಆ ಸೂತ್ರದ ಹಿಂದೆ ಒಬ್ಬ ಯುವಕನ ದೊಡ್ಡ ನಿರಾಶೆ ಇತ್ತೆಂದು ನಾವು ಹೇಳುವುದು ಕಡಿಮೆ.

ಜೇಮ್ಸ್ ಪ್ರೆಸ್ಕಾಟ್ ಜೌಲ್ 1818ರಲ್ಲಿ ಇಂಗ್ಲೆಂಡಿನ ಸಾಲ್‌ಫರ್ಡ್‌ನಲ್ಲಿ ಹುಟ್ಟಿದರು. ಮನೆತನದ ಉದ್ಯೋಗ ಬಿಯರ್ ತಯಾರಿಕೆ. ಮೊದಲ ಓದು ಮನೆಯಲ್ಲೇ. ಅನಂತರ ಸ್ವತಃ ಜಾನ್ ಡಾಲ್ಟನ್ ಗಣಿತ ಕಲಿಸಿದರು. ಉಗಿಯಂತ್ರದ ಜಾಗಕ್ಕೆ ವಿದ್ಯುತ್ ಮೋಟರನ್ನು ತರಬೇಕೆಂಬುದು ಇಪ್ಪತ್ತರ ಹರೆಯದ ಜೌಲ್‌ರ ಕನಸಾಗಿತ್ತು. ಆದರೆ ಬ್ಯಾಟರಿಯಲ್ಲಿ ಒಂದು ಪೌಂಡ್ ಸತು ಸವೆದರೆ ಸಿಗುವ ಕೆಲಸ, ಒಳ್ಳೆಯ ಉಗಿಯಂತ್ರ ಒಂದು ಪೌಂಡ್ ಕಲ್ಲಿದ್ದಲಿನಿಂದ ಕೊಡುವ ಕೆಲಸದ ಸುಮಾರು ಐದನೇ ಒಂದು ಪಾಲು ಮಾತ್ರ ಎಂದು ಲೆಕ್ಕ ತೋರಿಸಿತು. ಸತುವೋ ದುಬಾರಿ.

ಈ ನಡುವೆ ತಂತಿ ಬಿಸಿಯಾಗುವುದನ್ನೂ ಅವರು ಅಳೆಯುತ್ತಿದ್ದರು. ತಂತಿಯ ಸುರುಳಿಯನ್ನು ನೀರಿನಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ನೀರಿನ ತಾಪ ಎಷ್ಟು ಏರಿತೆಂದು ನೋಡಿದರು. ಉಷ್ಣವು ಪ್ರವಾಹದ ವರ್ಗಕ್ಕೂ ತಂತಿಯ ರೋಧಕ್ಕೂ ಅನುಪಾತದಲ್ಲಿತ್ತು. ಪ್ರವಾಹ ಎರಡರಷ್ಟಾದರೆ ಉಷ್ಣ ನಾಲ್ಕರಷ್ಟು. 1840ರಲ್ಲಿ ರಾಯಲ್ ಸೊಸೈಟಿ ಇದರ ಸಾರಾಂಶವನ್ನಷ್ಟೇ ಅಚ್ಚು ಹಾಕಿತು. ಇಂದು ವಿದ್ಯುತ್ತನ್ನು ದೂರ ಸಾಗಿಸುವಾಗ ವಿಭವಾಂತರ ಹೆಚ್ಚಿಸಿ ಪ್ರವಾಹ ತಗ್ಗಿಸುವುದು ಇದೇ ವರ್ಗದ ಕಾರಣದಿಂದ: ಪ್ರವಾಹ ಅರ್ಧವಾದರೆ ಅದೇ ತಂತಿಯಲ್ಲಿ ನಷ್ಟ ಕಾಲು ಭಾಗ.

ನಷ್ಟ ಎಂದೊಡನೆ ಮಕ್ಕಳು ನಾಶ ಎಂದುಕೊಳ್ಳುತ್ತಾರೆ. ಆ ಕಾಲದ ಅನೇಕ ವಿಜ್ಞಾನಿಗಳಿಗೂ ಉಷ್ಣವೆಂಬುದು ಹುಟ್ಟದ, ಸಾಯದ ಒಂದು ದ್ರವದಂತಿತ್ತು. ಕೆಲಸವೇ ಉಷ್ಣವಾಗುತ್ತದೆ ಎಂಬ ಮಾತು ಅವರಿಗೆ ಹಿಡಿಸಲಿಲ್ಲ. ಜೌಲ್ ಪಟ್ಟು ಬಿಡಲಿಲ್ಲ. ತೂಕಗಳು ಕೆಳಗಿಳಿಯುತ್ತ ನೀರಿನೊಳಗಿನ ರೆಕ್ಕೆಚಕ್ರವನ್ನು ತಿರುಗಿಸುವಂತೆ ಮಾಡಿದರು. ಇಪ್ಪತ್ತು ಬಾರಿ ಇಳಿಸಿದರೂ ತಾಪ ಒಂದು ಡಿಗ್ರಿ ಫ್ಯಾರನ್‌ಹೀಟ್ ಕೂಡ ಏರುತ್ತಿರಲಿಲ್ಲ! ಅಷ್ಟು ಸಣ್ಣ ಏರಿಕೆಯನ್ನು ನಂಬುವಂತೆ ಅಳೆದದ್ದೇ ಅವರ ನಿಜವಾದ ಸಾಧನೆ ಎಂದು ನನಗನ್ನಿಸುತ್ತದೆ. ಸೂತ್ರ ಬರೆಸುವ ಮೊದಲು ಈ ಪ್ರಯೋಗದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬಿಡಿಸಬಹುದು.

1847ರಲ್ಲಿ ಆಕ್ಸ್‌ಫರ್ಡ್ ಸಭೆಯಲ್ಲಿ ಯುವಕ ವಿಲಿಯಂ ಥಾಮ್ಸನ್, ಅಂದರೆ ಮುಂದಿನ ಲಾರ್ಡ್ ಕೆಲ್ವಿನ್, ಇದನ್ನು ಕೇಳಿದರು. ಅವರಿಗೂ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೆ ಆಸಕ್ತಿ ಹುಟ್ಟಿತು. ಮುಂದೆ ಇಬ್ಬರೂ ಸೇರಿ ಕೆಲಸ ಮಾಡಿದರು.

ಜೌಲ್ 1889ರಲ್ಲಿ ತೀರಿಕೊಂಡರು. ಅವರ ಸಮಾಧಿಗಲ್ಲಿನ ಮೇಲೆ 772.55 ಎಂಬ ಸಂಖ್ಯೆಯನ್ನು ಕೆತ್ತಲಾಗಿದೆ. ಒಂದು ಪೌಂಡ್ ನೀರಿನ ತಾಪವನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿಸಲು ಬೇಕಾದ ಕೆಲಸ ಅದು, ಅಡಿ-ಪೌಂಡ್‌ಗಳಲ್ಲಿ. ಇಂದಿನ ಬೆಲೆ ಸುಮಾರು 778.