ಬಲೆ ಬೀಸುವುದು ನಿಂತರೆ ಎಲ್ಲ ಮೀನೂ ಹೆಚ್ಚುತ್ತವೆಯೇ? ವೋಲ್ಟೆರಾ ಹಾಕಿದ ಲೆಕ್ಕ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಲ್ಲಿ ನಾಲ್ಕು ವರ್ಷ ಯಾರೂ ಬಲೆ ಬೀಸದಿದ್ದರೆ ಏನಾದೀತು? ಎಲ್ಲ ಬಗೆಯ ಮೀನೂ ಒಟ್ಟಿಗೆ ಹೆಚ್ಚುತ್ತವೆ ಎಂದೇ ನಾವು ಅಂದುಕೊಳ್ಳುತ್ತೇವೆ. ಹಾಗಾಗಬೇಕಿಲ್ಲ ಎಂದು ಗಣಿತದಿಂದ ತೋರಿಸಿದವರು ಇಟಲಿಯ ವಿಟೊ ವೋಲ್ಟೆರಾ.

1860ರಲ್ಲಿ ಅಂಕೋನಾ ಎಂಬ ಬಂದರು ಊರಿನ ಯಹೂದಿ ಕುಟುಂಬದಲ್ಲಿ ಹುಟ್ಟಿದ ಅವರಿಗೆ ಎರಡು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಬಡತನದಲ್ಲೇ ಓದಿ, 23ನೇ ವಯಸ್ಸಿಗೆ ಪೀಸಾದಲ್ಲಿ ಪ್ರಾಧ್ಯಾಪಕರಾದರು.

ಮೀನಿನ ಪ್ರಶ್ನೆ ಬಂದದ್ದು ಮನೆಯೊಳಗಿಂದ. ಮಗಳು ಲೂಯಿಸಾಳನ್ನು ಮದುವೆಯಾಗಲಿದ್ದ ಜೀವವಿಜ್ಞಾನಿ ಉಂಬರ್ಟೊ ದಂಕೋನಾ, ಏಡ್ರಿಯಾಟಿಕ್ ಕಡಲ ಮೀನುಪೇಟೆಗಳ ಅಂಕಿಗಳನ್ನು ಮುಂದಿಟ್ಟರು. ಮೊದಲ ಮಹಾಯುದ್ಧದ ಕಾಲದಲ್ಲಿ ಮೀನುಗಾರಿಕೆ ತಗ್ಗಿತ್ತು. ಆದರೆ ಫಿಯುಮೆ ಪೇಟೆಗೆ ಬಂದ ಮೀನಿನಲ್ಲಿ ಶಾರ್ಕ್, ತೊರಕೆಗಳ ಪಾಲು 1914ರಲ್ಲಿ ಸುಮಾರು ಶೇ. 12 ಇದ್ದದ್ದು 1918ರಲ್ಲಿ ಶೇ. 36ಕ್ಕೆ ಏರಿತ್ತು. ದೋಣಿಗಳು ಮರಳಿದ ಮೇಲೆ, 1923ಕ್ಕೆ, ಮತ್ತೆ ಶೇ. 11ಕ್ಕೆ ಇಳಿಯಿತು. ಲಾಭ ಬೇಟೆಗಾರ ಮೀನಿಗೇ ಏಕೆ?

1926ರಲ್ಲಿ ವೋಲ್ಟೆರಾ ಎರಡು ಸಮೀಕರಣ ಬರೆದರು: ಒಂದು ತಿನ್ನುವ ಮೀನಿಗೆ, ಒಂದು ತಿನಿಸಾಗುವ ಮೀನಿಗೆ. (ಅಮೆರಿಕದ ಲೋಟ್ಕಾ ಇಂಥದ್ದೇ ಸಮೀಕರಣಗಳನ್ನು ಅದಕ್ಕೂ ಮೊದಲೇ ಬರೆದಿದ್ದರು.) ಬೇಟೆಗಾರ ಮೀನಿನ ಸಂಖ್ಯೆ ನಿಲ್ಲಬೇಕಾದರೆ, ಸತ್ತಷ್ಟು ಮರಿಗಳನ್ನು ತುಂಬಿಕೊಡಲು ಬೇಕಾದಷ್ಟು ತಿನಿಸಿರಬೇಕು. ಬಲೆಯಿಂದ ಸಾವು ಹೆಚ್ಚಿದರೆ ಇನ್ನೂ ಹೆಚ್ಚು ತಿನಿಸು ಬೇಕು. ಹಾಗಾಗಿ ಹದವಾಗಿ ಮೀನು ಹಿಡಿದಾಗ ಸಣ್ಣ ಮೀನಿನ ಸರಾಸರಿ ಏರುತ್ತದೆ, ಬೇಟೆಗಾರರದ್ದು ಇಳಿಯುತ್ತದೆ. ಬಲೆ ನಿಂತರೆ ಇದೇ ತಿರುಗುಮುರುಗು. ಹದ ಮೀರಿ ಹಿಡಿದರೆ ಎರಡೂ ಬರಿದಾಗುತ್ತವೆ, ಅದು ಬೇರೆ ಮಾತು.

ಒಂದೇ ಆಹಾರವನ್ನು ನಂಬಿದ ಎರಡು ಜಾತಿಗಳಲ್ಲಿ ಒಂದು ಕೊನೆಗೆ ಅಳಿಯುತ್ತದೆ ಎಂಬುದೂ ಅವರ ಲೆಕ್ಕದಿಂದ ಹೊರಟಿತು. ನಮ್ಮ ಕೆರೆಗಳಿಗೆ ಬಿಡುವ ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುವುದರಿಂದ ಒಟ್ಟಿಗೆ ಬಾಳುತ್ತವೆ. ಅತ್ತಿಮರ ಮತ್ತು ಅದರ ಕಣಜದಂತೆ ಒಬ್ಬರಿಗೊಬ್ಬರು ನೆರವಾಗುವ ಜೀವಿಗಳ ಲೆಕ್ಕ ಇನ್ನೂ ಕಷ್ಟ. ಅದೇ ಸಮೀಕರಣದಲ್ಲಿ ಕಳೆಯುವ ಚಿಹ್ನೆಯನ್ನು ಕೂಡಿಸುವ ಚಿಹ್ನೆ ಮಾಡಿ, ನೆರವನ್ನು ಬಲವಾಗಿಸಿದರೆ ಎರಡೂ ಜೀವಿಗಳು ಕೊನೆಯೇ ಇಲ್ಲದಂತೆ ಬೆಳೆಯುತ್ತವೆ! ಆದ್ದರಿಂದ ಈಗಿನ ಮಾದರಿಗಳಲ್ಲಿ ನೆರವಿಗೂ ಒಂದು ಮಿತಿ ಇಡುತ್ತಾರೆ.

1931ರಲ್ಲಿ ಮುಸೊಲಿನಿ ಸರ್ಕಾರ ಪ್ರಾಧ್ಯಾಪಕರೆಲ್ಲ ಫ್ಯಾಸಿಸ್ಟ್ ಆಡಳಿತಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕೆಂದಿತು. ಸುಮಾರು 1,200 ಮಂದಿಯಲ್ಲಿ ಒಪ್ಪದವರು ಹನ್ನೆರಡೇ ಮಂದಿ. ಅವರಲ್ಲೊಬ್ಬರಾದ 71ರ ವೋಲ್ಟೆರಾ ರೋಮ್ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡರು. ಜೀವಿಗಳ ಬದುಕಿನ ಹೋರಾಟದ ಗಣಿತ ಕುರಿತ ಅವರ ಪುಸ್ತಕ ಅದೇ ವರ್ಷ ಪ್ಯಾರಿಸ್‌ನಲ್ಲಿ ಅಚ್ಚಾಯಿತು. 1940ರ ಅಕ್ಟೋಬರ್ 11ರಂದು ಅವರು ರೋಮ್‌ನಲ್ಲಿ ತೀರಿಕೊಂಡರು.