ದೀಪ ಹಿಡಿದವರ ಸಿಟ್ಟು

ಫ್ಲಾರೆನ್ಸ್ ನೈಟಿಂಗೇಲ್ ಅಂದ ತಕ್ಷಣ ನಮಗೆ ನೆನಪಾಗೋದು ಸ್ಕೂಲ್ ಪಾಠದ ಚಿತ್ರ: ಕೈಯಲ್ಲಿ ದೀಪ, ಮುಖದಲ್ಲಿ ಶಾಂತಿ. ಅವರ ಸಿಟ್ಟಿನ ಬಗ್ಗೆ ಆ ಪಾಠದಲ್ಲಿ ಒಂದು ಸಾಲೂ ಇರಲಿಲ್ಲ. ಯಾರಿಗೂ ಇಲ್ಲ ಅನ್ನೋಕಾಗದೆ ಒದ್ದಾಡೋ ನಮ್ಮಂಥವರು ಓದಬೇಕಾದ ಭಾಗ ಅದೇ.

1820ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಹುಟ್ಟಿದ ಅವರು ಬೆಳೆದದ್ದು ಇಂಗ್ಲೆಂಡಿನ ಶ್ರೀಮಂತ ಮನೆಯಲ್ಲಿ. ಗ್ರೀಕ್, ಲ್ಯಾಟಿನ್ ಕಲಿಸಿದ್ದು ಅಪ್ಪ. ಗಣಿತ ಅಂದ್ರೆ ಪ್ರಾಣ. 1845ರಲ್ಲಿ ಸಾಲ್ಸ್‌ಬರಿಯ ಆಸ್ಪತ್ರೆಗೆ ಹೋಗಿ ನರ್ಸಿಂಗ್ ಕಲಿತೀನಿ ಅಂದಾಗ ಮನೆಯವರು ಹೌಹಾರಿದರು. ಆಗ ಅದು ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳ ಕೆಲಸ ಆಗಿರಲಿಲ್ಲ.

ಫ್ಲಾರೆನ್ಸ್ ಸುಮ್ಮನಾದರು. ಹಗಲೆಲ್ಲ ಅಮ್ಮ, ಅಕ್ಕನ ಜೊತೆ ನೆಂಟರ ಉಪಚಾರ. ಬೆಳಗಾಗೋ ಮೊದಲೇ ಎದ್ದು ಮೇಣದಬತ್ತಿ ಬೆಳಕಲ್ಲಿ ಆಸ್ಪತ್ರೆಗಳ ವರದಿ ಓದೋದು. ಹೀಗೆ ವರ್ಷಗಳು ಉರುಳಿದವು. ನುಂಗಿಕೊಂಡ ಸಿಟ್ಟು ಅವರನ್ನೇ ತಿನ್ನತೊಡಗಿತು. ಸಾವೇ ವಾಸಿ ಅಂತ ಬರೆದುಕೊಳ್ಳುವಷ್ಟು ಕುಗ್ಗಿಹೋದರು.

ಬದಲಾವಣೆ ಒಂದೇ ದಿನದಲ್ಲಿ ಬರಲಿಲ್ಲ. 1849ರಲ್ಲಿ, ತಮಗೂ ಇಷ್ಟವಿದ್ದ ರಿಚರ್ಡ್ ಮಾಂಕ್ಟನ್ ಮಿಲ್ನ್ಸ್ ಜೊತೆಗಿನ ಮದುವೆಯನ್ನ ಒಲ್ಲೆ ಅಂದರು. 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ಗೆ ಹೋಗಿ ತರಬೇತಿ ಪಡೆದರು. ‘ಕಸ್ಸಾಂಡ್ರಾ’ ಅನ್ನೋ ಬರಹದಲ್ಲಿ ಸಿಟ್ಟನ್ನ ಮೊದಲ ಸಲ ಸ್ಪಷ್ಟವಾಗಿ ಹೊರಹಾಕಿದರು. ಹೆಣ್ಣಿನ ಸಮಯಕ್ಕೆ ಬೆಲೆಯೇ ಇಲ್ಲ, ಯಾರು ಬೇಕಾದ್ರೂ ಬಂದು ಅದನ್ನ ಕಿತ್ಕೋಬಹುದು ಅನ್ನೋದು ಅವರ ತಕರಾರು. 1853ರಲ್ಲಿ ಲಂಡನ್ನಿನ ಹಾರ್ಲೆ ಸ್ಟ್ರೀಟ್‌ನ ಆಸ್ಪತ್ರೆಯೊಂದರ ಮೇಲ್ವಿಚಾರಕಿಯಾದರು. ಅಮ್ಮ, ಅಕ್ಕನಿಗೆ ಒಪ್ಪಿಗೆ ಇರಲಿಲ್ಲ. ಆದ್ರೆ ಅಪ್ಪ ವರ್ಷಕ್ಕೆ 500 ಪೌಂಡ್ ಕೊಡೋಕೆ ಮುಂದಾದರು.

ಮರುವರ್ಷ ಕ್ರಿಮಿಯಾ ಯುದ್ಧ. 38 ನರ್ಸ್‌ಗಳ ಜೊತೆ ಟರ್ಕಿಯ ಸ್ಕುಟಾರಿ ಸೈನಿಕ ಆಸ್ಪತ್ರೆಗೆ ಹೊರಟರು. ಅಲ್ಲಿ ಚರಂಡಿ ಕಟ್ಟಿಕೊಂಡು ನಾರುತ್ತಿತ್ತು, ಗಾಳಿಯಾಡುತ್ತಿರಲಿಲ್ಲ. 1855ರ ಮಾರ್ಚ್‌ನಲ್ಲಿ ಬಂದ ಸ್ವಚ್ಛತಾ ಆಯೋಗ ಚರಂಡಿ ಸರಿಪಡಿಸಿದ ಮೇಲೆ ಸಾವು ಇಳಿಯಿತು.

ನಮಗೆ, ಅಂದ್ರೆ ಎಂಜಿನಿಯರಿಂಗ್‌ನವರಿಗೆ, ಹತ್ತಿರದ ಕಥೆ ಶುರುವಾಗೋದು ಇಲ್ಲಿಂದ. ಊರಿಗೆ ಮರಳಿದ ಮೇಲೆ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಜೊತೆ ಕೂತು ಲೆಕ್ಕ ಹಾಕಿದರು. ಸತ್ತ ಸೈನಿಕರಲ್ಲಿ ಹೆಚ್ಚಿನವರು ಬಲಿಯಾಗಿದ್ದು ತಡೆಯಬಹುದಾಗಿದ್ದ ರೋಗಗಳಿಗೆ, ಗುಂಡಿನ ಗಾಯಕ್ಕಲ್ಲ. ಸಿಟ್ಟು ನೆತ್ತಿಗೇರಿತು. ಆದ್ರೆ ಅವರು ಕೂಗಾಡೋ ಬದಲು ಗ್ರಾಫ್ ಬರೆದರು. ತಿಂಗಳಿಗೊಂದು ಎಸಳಿನಂತೆ ಹರಡಿದ ಅವರ 1858ರ ಬಣ್ಣದ ಚಿತ್ರವನ್ನ ಡೇಟಾ ವಿಶುಯಲೈಸೇಶನ್ ಓದುವವರು ಇವತ್ತಿಗೂ ನೋಡ್ತಾರೆ. ಸೈನ್ಯದ ಆರೋಗ್ಯ ವ್ಯವಸ್ಥೆ ಸುಧಾರಿಸೋಕೆ ಆ ಅಂಕಿಅಂಶಗಳೇ ಆಧಾರವಾದವು.

ಆಮೇಲೆ ಕಾಯಿಲೆಯೂ ಕಾಡಿತು. ಮನೆ ಬಾಗಿಲಿಗೆ ಒಂದು ನಿಯಮ ಮಾಡಿದರು: ಮೊದಲೇ ಹೇಳಿ ಬರಬೇಕು, ಒಂದು ಸಲಕ್ಕೆ ಒಬ್ಬರೇ. ಅಮ್ಮ, ಅಕ್ಕನನ್ನೂ ದೂರ ಇಟ್ಟರು. ಕೇಳೋಕೆ ಕಟುವಾಗಿದೆ, ಕೆಲವರ ಮನಸ್ಸಿಗೆ ನೋವೂ ಆಯಿತು. ಆದ್ರೆ ಹಾಗೆ ಉಳಿಸಿಕೊಂಡ ಸಮಯದಲ್ಲೇ ರಾಶಿರಾಶಿ ವರದಿ, ಪುಸ್ತಕಗಳು ಹುಟ್ಟಿದವು. 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ನರ್ಸಿಂಗ್ ಶಾಲೆಯೂ ಶುರುವಾಯಿತು. ಅಮ್ಮನಿಗೆ ವಯಸ್ಸಾದಾಗ ಹತ್ತಿರವಿದ್ದು ನೋಡಿಕೊಂಡಿದ್ದೂ ಇದೇ ಮಗಳು. ಗೆರೆ ಎಳೆದ ಮಾತ್ರಕ್ಕೆ ಸಂಬಂಧ ಕಡಿದುಹೋಗಲಿಲ್ಲ.

1910ರಲ್ಲಿ, 90ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ನಾಳೆ ಸಬ್ಮಿಷನ್ ಇಟ್ಕೊಂಡು ಇವತ್ತು ರಾತ್ರಿ ಇನ್ನೊಬ್ಬರ ಲ್ಯಾಬ್ ರೆಕಾರ್ಡ್ ಬರೀತಾ ಒಳಗೊಳಗೇ ಕುದಿಯುವವರು ನಮ್ಮ ಹಾಸ್ಟೆಲ್‌ಗಳಲ್ಲಿ ಕಮ್ಮಿ ಇಲ್ಲ. ಸಿಟ್ಟು ಬಂದ್ರೆ ನಾನು ಕೆಟ್ಟವನೇನೋ ಅಂತ ಗಾಬರಿ ಆಗಬೇಡಿ. ಯಾವುದು ತಪ್ತಿದೆ ಅಂತ ಅದು ತೋರಿಸುತ್ತೆ. ಅದನ್ನ ನೋಡಿ, ಈ ಸಲ ಆಗಲ್ಲ ಕಣೋ ಅಂತ ನಗುನಗುತ್ತಲೇ ಹೇಳಿ ನೋಡಿ.