ಚಾಕಲೇಟ್ ಪೂರ್ತಿ ಫಾರಿನ್ ತಿಂಡಿಯೇ? ಅಡ್ಯನಡ್ಕದ ಸುಬ್ರಾಯ ಭಟ್ಟರ ಬದುಕಿನಲ್ಲಿದೆ ಉತ್ತರ

ಒಳಗೆ ತಣ್ಣನೆಯ ಪೆಪ್ಪರ್‌ಮಿಂಟ್, ಹೊರಗೆ ಚಾಕಲೇಟ್ ಹೊದಿಕೆ. ಇಂಥ ಮಿಠಾಯಿ ಕೈಗೆ ಬಂದರೆ ಇದು ಪೂರ್ತಿ ಫಾರಿನ್ ತಿಂಡಿ ಎಂದುಕೊಳ್ಳುತ್ತೇವೆ. ಇದು ಅರ್ಧ ಮಾತ್ರ ನಿಜ. ಹೆಸರುವಾಸಿಯಾದ ಯಾರ್ಕ್ ಪೆಪ್ಪರ್‌ಮಿಂಟ್ ಪ್ಯಾಟಿ 1940ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಕೊಕ್ಕೊ ಮರದ ಮೂಲವೂ ದಕ್ಷಿಣ ಅಮೆರಿಕ. ಆದರೆ ಚಾಕಲೇಟಿಗೆ ಬೇಕಾದ ಕೊಕ್ಕೊ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಅಡಿಕೆ ತೋಟಗಳಲ್ಲೂ ಬೆಳೆಯುತ್ತದೆ. ಅದು ನಮ್ಮ ಜಿಲ್ಲೆಯಲ್ಲೇ ಚಾಕಲೇಟ್ ಆಗುವಂತೆ ಮಾಡಿದವರಲ್ಲಿ ಮೊದಲ ಹೆಸರು ವಾರಣಾಶಿ ಸುಬ್ರಾಯ ಭಟ್ಟರದ್ದು.

ಭಟ್ಟರು ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಕೃಷಿಕರು. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ಕುಸಿದು ಬೆಳೆಗಾರರು ಕಂಗಾಲಾದರು. ಆಗ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ ತಮ್ಮದೇ ಸಹಕಾರಿ ಸಂಸ್ಥೆ ಕಟ್ಟಿಕೊಂಡರು. ಹೀಗೆ 1973ರ ಜುಲೈ 11ರಂದು ಹುಟ್ಟಿದ ಕ್ಯಾಂಪ್ಕೊಗೆ ಭಟ್ಟರೇ ಸ್ಥಾಪಕ ಅಧ್ಯಕ್ಷರು.

ಆ ಹೊತ್ತಿಗೆ ಅಡಿಕೆ ಮರಗಳ ನೆರಳಲ್ಲಿ ಕೊಕ್ಕೊ ಉಪಬೆಳೆಯಾಗಿ ಹಬ್ಬುತ್ತಿತ್ತು. ಆದರೆ 1980ರ ಸುಮಾರಿಗೆ ಕೊಳ್ಳುವವರು ಹಿಂದೆ ಸರಿದರು, ಬೆಲೆ ನೆಲ ಕಚ್ಚಿತು. ಎಷ್ಟೋ ಮಂದಿ ಗಿಡಗಳನ್ನೇ ಕಡಿದು ಹಾಕಿದರು.

ಬೆಲೆ ಬರುವವರೆಗೆ ಕಾಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಒಣಗಿಸಿದ ಅಡಿಕೆಯಾದರೆ ಕಾಯಬಹುದು, ಕೊಕ್ಕೊ ಹಾಗಲ್ಲ. ಕಾಯಿ ಒಡೆದಾಗ ಸಿಗುವುದು ಲೋಳೆ ಮೆತ್ತಿದ ಹಸಿ ಬೀಜ. ಅದನ್ನು ಐದಾರು ದಿನ ಹುಳಿಯಲು ಬಿಟ್ಟು, ಆಮೇಲೆ ಒಣಗಿಸಬೇಕು. ಚಾಕಲೇಟಿನ ಪರಿಮಳಕ್ಕೆ ಬುನಾದಿ ಬೀಳುವುದು ಈ ಹುಳಿಯುವಿಕೆಯಲ್ಲೇ. ಕರಾವಳಿಯ ಮಳೆಯಲ್ಲಿ ಸರಿಯಾಗಿ ಒಣಗದಿದ್ದರೆ ಬೀಜಕ್ಕೆ ಬೂಸ್ಟು ಹಿಡಿಯುತ್ತದೆ. ಹಾಗಾಗಿ ಹಸಿ ಬೀಜಕ್ಕೆ ತಕ್ಷಣ ಗಿರಾಕಿ ಇಲ್ಲದಿದ್ದರೆ ಬೆಳೆದದ್ದೆಲ್ಲ ನಷ್ಟ.

ಈ ಸಂಕಷ್ಟದಲ್ಲಿ ಕ್ಯಾಂಪ್ಕೊ ಕೊಕ್ಕೊ ಖರೀದಿಗೆ ಇಳಿಯಿತು. ಆದರೆ ಬರೀ ಬೀಜ ಕೊಂಡು ಮಾರಿದರೆ ಬೆಲೆಯ ಹಿಡಿತ ಮತ್ತೆ ಬೇರೆಯವರ ಕೈಯಲ್ಲೇ ಉಳಿಯುತ್ತಿತ್ತು. ಚಾಕಲೇಟನ್ನೂ ತಾವೇ ಮಾಡಬೇಕು ಎಂಬ ತೀರ್ಮಾನ ಬಂದದ್ದು ಹೀಗೆ. ತೋಟದ ರೈತರ ಸಂಸ್ಥೆಯೊಂದು ದೊಡ್ಡ ಕಂಪೆನಿಗಳ ಎದುರು ನಿಲ್ಲುವುದು ಸಣ್ಣ ಸಾಹಸವಲ್ಲ. ಬಂಟ್ವಾಳದ ಪಕ್ಕದ ಪುತ್ತೂರಿನಲ್ಲಿ ಕಾರ್ಖಾನೆ ಎದ್ದು ನಿಂತಿತು. 1986ರ ಸೆಪ್ಟೆಂಬರ್ 1ರಂದು ಆಗಿನ ರಾಷ್ಟ್ರಪತಿ ಜ್ಞಾನಿ ಜೈಲ್ ಸಿಂಗ್ ಅದನ್ನು ಉದ್ಘಾಟಿಸಿದರು.

ಭಟ್ಟರು ಈಗ ನಮ್ಮೊಂದಿಗಿಲ್ಲ. ಮಂಗಳೂರಿನ ಕ್ಯಾಂಪ್ಕೊ ಕೇಂದ್ರ ಕಚೇರಿಗೆ ವಾರಣಾಶಿ ಟವರ್ಸ್ ಎಂಬ ಹೆಸರಿದೆ. ಪುತ್ತೂರಿನ ಕಾರ್ಖಾನೆಯಲ್ಲಿ ಇಂದಿಗೂ ಚಾಕಲೇಟ್ ತಯಾರಾಗುತ್ತಿದೆ.

ಹಾಗಾದರೆ ಚಾಕಲೇಟ್ ಪೂರ್ತಿ ಫಾರಿನ್ ಎಂಬ ಮಾತು? ಮರ ಹೊರಗಿನಿಂದ ಬಂದದ್ದು ನಿಜ, ಉಳಿದದ್ದು ತಪ್ಪು. ಯಾರಾದರೂ ಹಾಗೆ ಫಾರ್ವರ್ಡ್ ಮಾಡಿದರೆ, ಅಡ್ಯನಡ್ಕದ ಈ ಕೃಷಿಕರ ಕತೆಯನ್ನು ಅವರಿಗೆ ಕಳುಹಿಸಿ.